ಹಸು ಕಟ್ಟುವ ಮುನ್ನ ಕೇಳಿದ ಮಾತುಗಳು

(ಹೊಸದಾಗಿ ಹೈನುಗಾರಿಕೆ ಆರಂಭಿಸುವ ಸದಸ್ಯರಿಗಾಗಿ ಒಕ್ಕೂಟದ ತರಬೇತಿ ಕೇಂದ್ರದಲ್ಲಿ ನಡೆದ ಶಿಬಿರದ ಎರಡನೆಯ ದಿನ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ವೈಜ್ಞಾನಿಕ ಹೈನುಗಾರಿಕೆ’ ಎಂದು ಅಚ್ಚಾಗಿದೆ. ಆ ವಿಷಯವನ್ನು ನಿನ್ನೆ ನನ್ನ ಸಹೋದ್ಯೋಗಿಗಳು ಮೂರು ಗಂಟೆ ಹೇಳಿದ್ದಾರೆ. ಅದನ್ನೇ ನಾನು ಮತ್ತೆ ಹೇಳಿದರೆ ಊಟಕ್ಕೆ ಮುಂಚೆಯೇ ನಿಮಗೆ ನಿದ್ದೆ ಬರುತ್ತದೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಬೇರೆ ಮಾತಾಡುತ್ತೇನೆ. ಹಸು ಕಟ್ಟುವವರಿಗೆ ಜನ ಕೊಡುವ ಸಲಹೆಗಳ ಬಗ್ಗೆ, ಅದರಲ್ಲಿಯೂ ಕೆಟ್ಟ ಸಲಹೆಗಳ ಬಗ್ಗೆ.

ನಮ್ಮ ಹಳ್ಳಿಗಳಲ್ಲಿ ಮನೆ ಕಟ್ಟುವವನಿಗೂ ಹಸು ಕಟ್ಟುವವನಿಗೂ ಸಲಹೆಗೆ ಬರವಿಲ್ಲ. ಕೊಟ್ಟಿಗೆಗೆ ನಾಲ್ಕು ಕಂಬ ನೆಟ್ಟರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ನಿಂತು ಒಂದೊಂದು ಮಾತು ಹೇಳಿ ಹೋಗುತ್ತಾರೆ. ಅದರಲ್ಲಿ ಮೋಸ ಮಾಡುವ ಉದ್ದೇಶದಿಂದ ಹೇಳುವವರು ತೀರಾ ಕಡಿಮೆ. ಬಹಳ ಮಂದಿ ಒಳ್ಳೆಯದಾಗಲಿ ಎಂದೇ ಹೇಳುತ್ತಾರೆ. ಹಾಗಿದ್ದರೂ ಆ ಮಾತು ಕೇಳಿದವರು ಏಕೆ ನಷ್ಟಕ್ಕೆ ಬೀಳುತ್ತಾರೆ ಎಂಬುದನ್ನು ನೋಡಬೇಕು. ಇದಕ್ಕೆ ಬೇರೆಯವರ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನೇ ಕೊಟ್ಟ ಒಂದು ಸಲಹೆಯಿಂದ ಆರಂಭಿಸುತ್ತೇನೆ.

2009ರ ದೀಪಾವಳಿ ಕಳೆದ ಮೇಲಿನ ಮಾತು. ನಾನು ಪದವಿ ಮುಗಿಸಿ ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಒಬ್ಬ ಯುವಕ ನನ್ನ ಹತ್ತಿರ ಬಂದ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ತಂದೆ ತೀರಿಕೊಂಡ ಮೇಲೆ ತಾಯಿಯೊಬ್ಬರೇ ಆದರೆಂದು ಊರಿಗೆ ಹಿಂತಿರುಗಿದ್ದ. ಎರಡು ಎಕರೆ ಖುಷ್ಕಿಯಲ್ಲಿ ರಾಗಿ, ಅರ್ಧ ಎಕರೆಗೆ ಕೊಳವೆ ಬಾವಿಯ ನೀರು. “ಸಾರ್, ಹೈನುಗಾರಿಕೆ ಮಾಡೋಣ ಅಂತಿದೀನಿ. ಎಷ್ಟು ಹಸು ಕಟ್ಟಲಿ?” ಎಂದು ಕೇಳಿದ.

ನಾನು ಹಿಂದೆಮುಂದೆ ನೋಡದೆ ಐದು ಎಂದೆ. ಎರಡು ಹಸು ಕಟ್ಟಿದರೂ ನಿನ್ನ ಇಡೀ ದಿನ ಹೋಗುತ್ತದೆ, ಐದು ಕಟ್ಟಿದರೂ ಅಷ್ಟೇ ಹೋಗುತ್ತದೆ, ಸಾಲದ ಅರ್ಜಿಯೂ ಒಂದೇ, ಓಡಾಟವೂ ಒಂದೇ ಎಂದೆ. ಹುಲ್ಲು ಸಾಕಾಗುವುದೇ ಎಂದು ಕೇಳಿದ. ಕಡಿಮೆ ಬಿದ್ದರೆ ಕೊಂಡುಕೊಳ್ಳಬಹುದು ಎಂದೆ. ಅಲ್ಲಿಯೇ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಐದು ಹಸು, ಒಂದಕ್ಕೆ ದಿನಕ್ಕೆ 12 ಲೀಟರ್, ಒಟ್ಟು 60 ಲೀಟರ್, ತಿಂಗಳಿಗೆ 1800 ಲೀಟರ್. ಅದನ್ನು ಹಾಲಿನ ದರದಿಂದ ಗುಣಿಸಿದಾಗ ಬಂದ ಮೊತ್ತ ನೋಡಿ ಅವನ ಮುಖ ಅರಳಿತು. ಸತ್ಯ ಹೇಳಬೇಕೆಂದರೆ ನನಗೂ ಸಂತೋಷವಾಯಿತು. ಆ ವರ್ಷ ಐದು ಹಸುಗಳ ಘಟಕಕ್ಕೆ ಇಷ್ಟು ಅರ್ಜಿ ಮಾರ್ಚ್ ಒಳಗೆ ಆಗಬೇಕೆಂದು ನನ್ನ ಮೇಲೂ ಗುರಿ ಇತ್ತು. ಇದನ್ನು ಅವನಿಗೆ ನಾನು ಹೇಳಲಿಲ್ಲ. ಹೇಳಬೇಕೆಂದು ಆಗ ತೋಚಲೂ ಇಲ್ಲ.

ಸ್ಥಳ ನೋಡಲು ಅವನ ಮನೆಗೆ ಹೋದಾಗ ಅವನ ತಾಯಿ ಕಾಫಿ ಕೊಟ್ಟು, ಹಿತ್ತಲಿನ ರಾಗಿ ಹುಲ್ಲಿನ ಮೆದೆ ತೋರಿಸಿ ಒಂದು ಮಾತು ಹೇಳಿದರು: “ಎರಡು ಸಾಕು ಕಣಪ್ಪ. ಐದು ಕಟ್ಟಿದ್ರೆ ಈ ಮೆದೆ ಯುಗಾದಿ ದಾಟಕ್ಕಿಲ್ಲ.” ಮಗ ನಕ್ಕ. ನಾನೂ ನಕ್ಕೆ. “ಅಮ್ಮಾ, ಈಗ ಕಾಲ ಹಾಗಿಲ್ಲ” ಎಂದು ಸಮಾಧಾನ ಹೇಳಿ ಬಂದೆ. ಆ ತಾಯಿ ಹೆಬ್ಬೆಟ್ಟಿನವರು. ನನ್ನ ಕಿಸೆಯಲ್ಲಿ ಲೆಕ್ಕದ ಕಾಗದ ಇತ್ತು.

ಪಕ್ಕದ ಜಿಲ್ಲೆಯಿಂದ ದಲ್ಲಾಳಿಯ ಮೂಲಕ ಐದು ಎಚ್.ಎಫ್. ಮಿಶ್ರತಳಿ ಹಸು ಬಂದವು. ಮೂರು ಕರೆಯುವವು, ಎರಡು ತುಂಬು ಗಬ್ಬದವು. ಒಂದು ಹಸುವನ್ನು ದಲ್ಲಾಳಿ 18 ಲೀಟರಿನದು ಎಂದಿದ್ದ. ಸಂತೆಯಲ್ಲಿ ಅದರ ಕೆಚ್ಚಲು ಬಿಗಿದುಕೊಂಡು ತೊಟ್ಟಿನಿಂದ ಹಾಲು ಸೋರುತ್ತಿತ್ತು. ಸೋರದೆ ಏನು ಮಾಡುತ್ತದೆ, ಹಿಂದಿನ ದಿನ ಕರೆದೇ ಇರಲಿಲ್ಲ. ಮನೆಗೆ ಬಂದ ಮೇಲೆ ಅದು ಕೊಟ್ಟದ್ದು ಹತ್ತು ಲೀಟರ್. ಮೂರು ವಾರಕ್ಕೆ ಅದರ ಹಿಂದಿನ ಒಂದು ತೊಟ್ಟಿಗೆ ಕೆಚ್ಚಲು ಬಾವು ಬಂದು, ಆ ಭಾಗ ಮತ್ತೆ ಸರಿಹೋಗಲಿಲ್ಲ. ಗಬ್ಬದ ಹಸುಗಳಲ್ಲಿ ಒಂದು ಹೆಣ್ಣುಗರು ಹಾಕಿತು. ಮಾಸು ಬೀಳುವವರೆಗೆ ಗಿಣ್ಣು ಹಾಲು ಕುಡಿಸಬಾರದೆಂದು ನೆರೆಯವರು ಹೇಳಿದರು. ಮಾಸು ಬಿದ್ದದ್ದು ಹತ್ತು ಗಂಟೆಯ ಮೇಲೆ. ಕರು ಭೇದಿ ಹತ್ತಿ ಒಂಬತ್ತನೆಯ ದಿನ ಸತ್ತಿತು.

ಮೆದೆ ಯುಗಾದಿಗೆ ಎಂಟು ದಿನ ಮುಂಚೆ ಮುಗಿಯಿತು.

ಕೊಳವೆ ಬಾವಿಯ ನೀರು ಮಾರ್ಚ್ ಹೊತ್ತಿಗೆ ಅರ್ಧವಾಯಿತು. ಅರ್ಧ ಎಕರೆ ನೇಪಿಯರ್ ಹುಲ್ಲು ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ಹುಲ್ಲು ಕೊಂಡುಕೊಳ್ಳಬಹುದು ಎಂದಿದ್ದೆನಲ್ಲ, ಅವನಿಗೆ ಬೇಕಾದ ದಿನ ಇಡೀ ಹೋಬಳಿಗೆ ಬೇಕಾಗಿತ್ತು. ಮೇ ತಿಂಗಳಲ್ಲಿ ಮೂರು ಹಸು ಮಾರಿದ. ಮಳೆ ಬೀಳುವ ಮುಂಚೆ ಬಡಕಲು ಹಸು ಮಾರಿದರೆ ಎಷ್ಟು ಸಿಗುತ್ತದೆಂದು ನಿಮಗೆ ಗೊತ್ತೇ ಇದೆ. ಸಾಲದ ಕಂತಿಗೆ ತಾಯಿಯ ಕೊರಳಿನ ಸರ ಗಿರವಿ ಹೋಯಿತು.

ಜೂನ್‌ನಲ್ಲಿ ಅವನು ನನ್ನ ಹತ್ತಿರ ಬಂದ. ಜಗಳಕ್ಕೆ ಬಂದನೆಂದುಕೊಂಡೆ. ಅವನು ಬಂದದ್ದು ಉಳಿದ ಎರಡು ಹಸುವನ್ನು ಇಟ್ಟುಕೊಳ್ಳಲೋ ಮಾರಲೋ ಎಂದು ಕೇಳಲಿಕ್ಕೆ. ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಸ್ಟೋರ್‌ನಲ್ಲಿ ಕೆಲಸ ಮಾಡಿದವನು, ಬಂದ ಮಾಲು ಹೋದ ಮಾಲು ಬರೆದಿಡುವ ಅಭ್ಯಾಸ. ಹಸು ಬಂದ ದಿನದಿಂದ ಹಾಲು ಎಷ್ಟು, ಹಿಂಡಿ ಎಷ್ಟು, ಔಷಧಿಗೆ ಎಷ್ಟು, ಎಲ್ಲ ಬರೆದಿದ್ದ. ಕೊನೆಯ ಪುಟಗಳಲ್ಲಿ ಮೂರು ಕಾಲಂ ಎಳೆದಿದ್ದ: ಸಲಹೆ, ಹೇಳಿದವರು, ಆದದ್ದು. ‘18 ಲೀಟರ್ — ದಲ್ಲಾಳಿ — 10.’ ‘ಮಾಸು ಬಿದ್ದ ಮೇಲೆ ಗಿಣ್ಣು — ನೆರೆಮನೆ — ಕರು ಹೋಯಿತು.’ ‘ಎರಡು ಸಾಕು — ಅಮ್ಮ — ಸರಿ.’ ‘ಐದು ಒಟ್ಟಿಗೆ, ಹುಲ್ಲು ಕೊಳ್ಳಬಹುದು — ಡಾಕ್ಟರು —’ ಅಲ್ಲಿ ಮೂರನೆಯ ಕಾಲಂ ಖಾಲಿ. ಮರ್ಯಾದೆಗೆ ಬಿಟ್ಟಿದ್ದ. ಅವನ ಪೆನ್ನನ್ನೇ ಕೇಳಿ ತೆಗೆದುಕೊಂಡು ನಾನೇ ಅದನ್ನು ತುಂಬಿದೆ.

ಬಂಧುಗಳೇ, ಅವತ್ತು ಆ ಪುಸ್ತಕವನ್ನು ಇಬ್ಬರೂ ಕುಳಿತು ಪುಟಪುಟವಾಗಿ ನೋಡಿದೆವು. ಕಾಲೇಜಿನಲ್ಲಿ ಕಲಿಯದ್ದನ್ನು ನಾನು ಆ ಮಧ್ಯಾಹ್ನ ಕಲಿತೆ.

ಮೊದಲನೆಯದಾಗಿ ನನ್ನ 60 ಲೀಟರಿನ ಲೆಕ್ಕ. ಹಸು ಕರು ಹಾಕಿ ಆರರಿಂದ ಎಂಟು ವಾರಕ್ಕೆ ಹಾಲು ಏರುವಷ್ಟು ಏರುತ್ತದೆ, ಆಮೇಲೆ ತಿಂಗಳು ತಿಂಗಳು ಇಳಿಯುತ್ತದೆ. ಏರಿದ ದಿನದ ಹಾಲನ್ನು ಇನ್ನೂರರಿಂದ ಗುಣಿಸಿದರೆ ಒಂದು ಸೂಲಿನ ಒಟ್ಟು ಹಾಲು ಅಂದಾಜಿಗೆ ಸಿಗುತ್ತದೆ. ಅಂದರೆ 12 ಲೀಟರಿಗೆ ಏರುವ ಹಸು ಸೂಲಿಗೆ ಸುಮಾರು 2400 ಲೀಟರ್ ಕೊಟ್ಟೀತು. ಒಂದು ಕರುವಿನಿಂದ ಮುಂದಿನ ಕರುವಿಗೆ, ಎಲ್ಲ ಸುಸೂತ್ರವಾದರೆ, ಹದಿಮೂರು ತಿಂಗಳು, ಸುಮಾರು 400 ದಿನ. 2400ನ್ನು 400ರಿಂದ ಭಾಗಿಸಿ. ಆರು ಲೀಟರ್! ನಾನು ಯಾವುದನ್ನು 12 ಲೀಟರಿನ ಹಸು ಎಂದು ಬರೆದುಕೊಟ್ಟೆನೋ ಅದು ವರ್ಷದ ಲೆಕ್ಕಕ್ಕೆ ಆರು ಲೀಟರಿನ ಹಸು. ಐದು ಹಸುವಿಗೆ 60 ಅಲ್ಲ, 30. ಹದಿನೈದು ಲೀಟರಿಗೆ ಏರುವ ಹಸುವನ್ನು ತಂದರೂ ವರ್ಷದ ಸರಾಸರಿ ಏಳೂವರೆ. ಬೆದೆ ತಪ್ಪಿ ಗಬ್ಬ ತಡವಾದರೆ ಅದೂ ಇಲ್ಲ.

ನಾನು ಹೇಳಿದ 12 ಲೀಟರ್ ಸುಳ್ಳಾಗಿರಲಿಲ್ಲ. ಒಂದು ಹಸು ಅಷ್ಟು ಕೊಟ್ಟಿತು, ಒಂದು ತಿಂಗಳು. ಬತ್ತಿದ ಎರಡು ತಿಂಗಳು, ಇಳಿಯುವ ಆರು ತಿಂಗಳು, ಇವನ್ನು ನಾನು ಹೇಳದೆ ಬಿಟ್ಟಿದ್ದೆ. ಅವನು ಸೋತದ್ದು ನಾನು ಹೇಳದೆ ಬಿಟ್ಟ ಜಾಗದಲ್ಲಿ. ಆಮೇಲೆ ಎಷ್ಟೋ ಸಲಹೆಗಳನ್ನು ನೋಡಿದ್ದೇನೆ, ಬಹುತೇಕ ಹೀಗೆಯೇ ಇರುತ್ತವೆ. ಹೇಳಿದ ಭಾಗ ನಿಜ, ಬಿಟ್ಟ ಭಾಗದಲ್ಲಿ ಹಳ್ಳ.

ಎರಡನೆಯದು ಒಂದೇ ಸಲ ಐದು ತಂದದ್ದು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕರು ಹಾಕಿದ ಹಸುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬತ್ತುತ್ತವೆ. ಆಗ ಡೇರಿಯ ಬಟವಾಡೆ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಎರಡು ತಂದು, ಆರು ತಿಂಗಳು ಬಿಟ್ಟು ಇನ್ನೊಂದು ಅಥವಾ ಎರಡು ತಂದರೆ ವರ್ಷವಿಡೀ ಹಾಲು ಇರುತ್ತದೆ, ಕೈಯೂ ಪಳಗುತ್ತದೆ. ಮೊದಲ ಆರು ತಿಂಗಳಲ್ಲಿ ತಪ್ಪು ಆಗಿಯೇ ಆಗುತ್ತದೆ. ಎರಡು ಹಸುವಿನ ಮೇಲೆ ಆದ ತಪ್ಪನ್ನು ಮನೆ ತಡೆದುಕೊಳ್ಳುತ್ತದೆ.

ಹುಲ್ಲಿನ ಮಾತು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಹೊಸಬರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಕರೆಯುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿ ಮೇವು, ಐದಾರು ಕಿಲೋ ಒಣ ಹುಲ್ಲು ಬೇಕು. ಹಸಿ ಮೇವೇ ವರ್ಷಕ್ಕೆ ಸುಮಾರು ಒಂಬತ್ತು ಟನ್. ಆ ತಾಯಿ ಮೆದೆ ನೋಡಿ ಹೇಳಿದ್ದನ್ನು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಎರಡು ಎಕರೆಯ ಹುಲ್ಲು ಸುಮಾರು ಮೂರು ಟನ್ ಇದ್ದಿರಬೇಕು. ಹಸಿ ಮೇವು ಕಡಿಮೆಯಾದಂತೆ ಐದು ಹಸುವಿಗೆ ದಿನಕ್ಕೆ 35 ಕಿಲೋ ಒಣ ಹುಲ್ಲು ಹೋಗಿದೆ. 85 ದಿನ. ಡಿಸೆಂಬರ್ ಎರಡನೆಯ ವಾರದಿಂದ ಎಣಿಸಿದರೆ ಸರಿಯಾಗಿ ಯುಗಾದಿಯ ಹಿಂದಿನ ವಾರ. ಆಕೆ ಕಾಗದವಿಲ್ಲದೆ ಹೇಳಿದ್ದರು. ನಲವತ್ತು ವರ್ಷ ಆ ಹಿತ್ತಲಿನಲ್ಲಿ ಮೆದೆ ಒಟ್ಟಿ, ಎಳೆದು ಹಾಕಿದ ಕೈ ಅದು. ಸಲಹೆ ಕೊಟ್ಟವರಲ್ಲಿ ಆ ಜಮೀನು, ಆ ನೀರು, ಆ ಬೇಸಿಗೆ ಕಂಡಿದ್ದವರು ಅವರೊಬ್ಬರೇ.

ನಾನು ಕಂಡಿದ್ದ ಹಸುಗಳು ಕಾಲೇಜಿನ ಫಾರ್ಮಿನವು. ಅಲ್ಲಿ ನೀರು ಇತ್ತು, ಆಳುಗಳಿದ್ದರು, ರಸಮೇವಿನ ಗುಂಡಿ ಇತ್ತು. ಹುಲ್ಲು ಎಲ್ಲಿಂದ ಬರುತ್ತದೆಂದು ವಿದ್ಯಾರ್ಥಿಯಾಗಿದ್ದ ನಾನು ಯೋಚಿಸಿರಲೇ ಇಲ್ಲ, ಬೆಳಗ್ಗೆ ಟ್ರ್ಯಾಕ್ಟರಿನಲ್ಲಿ ಬರುತ್ತಿತ್ತು. ಈಗ ಕೇಳಿದವರಿಗೆ ಒಂದು ಹಸುವಿಗೆ ನೀರಿರುವ ಹತ್ತು ಗುಂಟೆ ನೇಪಿಯರ್ ಎಂದು ಹೇಳುತ್ತೇನೆ. ಪುಸ್ತಕದ ಇಳುವರಿ ನಂಬಿದರೆ ಇದಕ್ಕಿಂತ ಕಡಿಮೆ ಸಾಕು. ಆದರೆ ಏಪ್ರಿಲ್ ತಿಂಗಳು ಪುಸ್ತಕ ಓದಿ ಬರುವುದಿಲ್ಲ. ಜೊತೆಗೆ ಅಲಸಂದೆಯೋ ಕುದುರೆ ಮೆಂತ್ಯವೋ ಸ್ವಲ್ಪ ಇರಲಿ, ಬದುವಿನ ಮೇಲೆ ಅಗಸೆ ಇರಲಿ. ಹುಲ್ಲು ನೆಟ್ಟು, ಒಂದು ಕೊಯ್ಲು ಕಂಡ ಮೇಲೆ ಹಸು ತನ್ನಿ.

ಮೂರನೆಯದಾಗಿ ಅವನ ಪುಸ್ತಕದಿಂದ ನಾನು ಕದ್ದ ಒಂದು ಉಪಾಯ. ಅವನು ಖರ್ಚನ್ನು ರೂಪಾಯಿಯಲ್ಲಿ ಬರೆದು ಪಕ್ಕದಲ್ಲಿ ಲೀಟರಿನಲ್ಲಿಯೂ ಬರೆದಿದ್ದ. ಆ ಏಪ್ರಿಲ್‌ನಲ್ಲಿ ಐದು ಹಸುವಿನಿಂದ ದಿನಕ್ಕೆ 19 ಲೀಟರ್ ಬರುತ್ತಿತ್ತು. ಹಿಂಡಿ ಬೂಸಾ ಮತ್ತು ಕೊಂಡ ಹುಲ್ಲಿಗೆ 14 ಲೀಟರ್. ಸಾಲದ ಕಂತಿಗೆ ಏಳು ಲೀಟರ್. ಹದಿನಾಲ್ಕು ಮತ್ತು ಏಳು ಇಪ್ಪತ್ತೊಂದು. ಅಂದರೆ ಬೆಳಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಕರೆದು, ಡೇರಿಗೆ ಹೊತ್ತು, ದಿನಾ ಎರಡು ಲೀಟರ್ ಕೈಯಿಂದ ಹಾಕುತ್ತಿದ್ದ. ರೂಪಾಯಿ ಲೆಕ್ಕ ವರ್ಷ ವರ್ಷ ಬದಲಾಗುತ್ತದೆ, ಹಾಲಿನ ದರ ಏರಿದಂತೆ ಹಿಂಡಿಯ ದರವೂ ಏರುತ್ತದೆ. ನೀವು ಹೊರಡುವ ಮುಂಚೆ ಒಂದು ಮೂಟೆ ಪಶು ಆಹಾರಕ್ಕೆ ಡೇರಿಗೆ ಎಷ್ಟು ಲೀಟರ್ ಹಾಕಬೇಕು ಎಂದು ಇಂದಿನ ದರದಲ್ಲಿ ಲೆಕ್ಕ ಹಾಕಿಕೊಳ್ಳಿ. ಹಸುವಿನ ದೇಹ ಪೋಷಣೆಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಹಾಲು ಬತ್ತಿದರೂ ಮೊದಲಿನ ಒಂದೂವರೆ ಕಿಲೋ ತಪ್ಪುವುದಿಲ್ಲ, ಗಬ್ಬದ ಕೊನೆಯ ಎರಡು ತಿಂಗಳು ಮತ್ತಷ್ಟು ಬೇಕು. ಇದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ, ಅವನ ಕೆಲಸ ಹಸು ಲಾರಿ ಹತ್ತುವವರೆಗೆ.

ಇಷ್ಟು ಕೇಳಿ, ಓದಿದವರ ಮಾತು ಕೇಳಲೇಬಾರದು ಎಂದು ಯಾರಾದರೂ ಎದ್ದು ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಸಹಕಾರ ಕ್ಷೇತ್ರದ್ದೇ ಒಂದು ಸಂಗತಿ ಹೇಳುತ್ತೇನೆ. ಗುಜರಾತಿನ ಆನಂದದಲ್ಲಿ 1946ರಲ್ಲಿ ಖೇಡಾ ಜಿಲ್ಲಾ ಒಕ್ಕೂಟ ಆರಂಭವಾಯಿತು, ತ್ರಿಭುವನದಾಸ ಪಟೇಲರು ಅಧ್ಯಕ್ಷರು. ಚಳಿಗಾಲದಲ್ಲಿ ಎಮ್ಮೆ ಹಾಲು ಹೊಳೆಯಂತೆ ಬರುತ್ತಿತ್ತು, ಬೇಸಿಗೆಯಲ್ಲಿ ಇರುತ್ತಿರಲಿಲ್ಲ. ಹೆಚ್ಚಾದ ಹಾಲನ್ನು ಪುಡಿ ಮಾಡಿಟ್ಟರೆ ರೈತರು ಉಳಿದುಕೊಳ್ಳುತ್ತಾರೆ. ಆದರೆ ಎಮ್ಮೆ ಹಾಲನ್ನು ಪುಡಿ ಮಾಡಲು ಸಾಧ್ಯವಿಲ್ಲ ಎಂದು ವಿದೇಶದ ತಜ್ಞರು ಹೇಳಿಬಿಟ್ಟರು. ಅವರು ಹಸುವಿನ ಹಾಲಿನ ದೇಶದವರು. ಅವರನ್ನು ಬೈದುಕೊಂಡು ಕೂರುವುದಾಗಲಿ, ಅವರ ಮಾತು ನಂಬಿ ಕೈಬಿಡುವುದಾಗಲಿ ಆಗಲಿಲ್ಲ. ವರ್ಗೀಸ್ ಕುರಿಯನ್ನರ ಗೆಳೆಯರಾದ ಎಚ್. ಎಂ. ದಲಾಯ ಅವರು ಪ್ರಯೋಗ ಮಾಡಿ ನೋಡಿದರು. ಪುಡಿ ಆಯಿತು. 1955ರ ಅಕ್ಟೋಬರ್ 31ರಂದು ಆ ಕಾರ್ಖಾನೆಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ದಲಾಯ ಅವರೂ ಓದಿದವರೇ, ಪ್ರಯೋಗ ಮಾಡದೆ ಆಗುತ್ತದೆ ಎಂದಾಗಲಿ ಆಗುವುದಿಲ್ಲ ಎಂದಾಗಲಿ ಹೇಳಲಿಲ್ಲ, ಅಷ್ಟೇ.

ನಮ್ಮ ಕೊಟ್ಟಿಗೆಯಲ್ಲಿ ಪುಡಿ ಕಾರ್ಖಾನೆ ಇಲ್ಲ. ಆದರೆ ಸಣ್ಣ ಪ್ರಯೋಗ ಎಲ್ಲರಿಂದಲೂ ಸಾಧ್ಯ. ಹೊಸ ಬಗೆಯ ಹಿಂಡಿ ಕೊಟ್ಟರೆ ಎರಡು ಲೀಟರ್ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ, ಒಂದು ಹಸುವಿಗೆ ಮಾತ್ರ, ವಾರವಿಡೀ ನಿಧಾನವಾಗಿ ಬದಲಾಯಿಸಿ ಕೊಟ್ಟು, ಹದಿನೈದು ದಿನ ಅಳೆದು ನೋಡಿ. ಮನಸ್ಸಿನ ಅಂದಾಜು ಬೇಡ. ಹೊಸದು ತಂದ ಉತ್ಸಾಹದಲ್ಲಿ ಕ್ಯಾನು ತುಂಬಿದಂತೆಯೇ ಕಾಣುತ್ತದೆ.

ಅರ್ಧ ಸತ್ಯದ ಸಲಹೆಗಳು ಇನ್ನೂ ಎಷ್ಟೋ ಇವೆ, ಒಂದೆರಡನ್ನು ಹೇಳುತ್ತೇನೆ. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಎನ್ನುತ್ತಾರೆ. ನಿಜ, ಎರಡು ಮೂರು ದಿನ ಸ್ವಲ್ಪ ಇಳಿಯಬಹುದು, ಆಮೇಲೆ ಸರಿಹೋಗುತ್ತದೆ. ಬಿಟ್ಟುಹೋದ ಮಾತು ಏನೆಂದರೆ, ರೋಗ ಬಂದ ಹಸುವಿನ ಹಾಲು ಆ ಸೂಲಿನಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬರುವುದು ಕಷ್ಟ, ಕರುವಿದ್ದರೆ ಕರುವೂ ಹೋಗಬಹುದು. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲೆಲ್ಲ ಹಬ್ಬಿದಾಗ, ಲಸಿಕೆ ಹಾಕಲು ಬಾಗಿಲಿಗೆ ಬಂದವರನ್ನು ಈ ಮಾತು ನಂಬಿ ಹಿಂದಕ್ಕೆ ಕಳಿಸಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರ ಹಸುವನ್ನು ಹೂಳುವಾಗಲೂ ಹೋಗಿ ನಿಂತಿದ್ದೇನೆ.

ಗಬ್ಬದ ಹಸುವನ್ನು ಕೊನೆಯ ತನಕ ಕರೆಯಬಹುದು, ಎರಡು ಲೀಟರ್ ಏಕೆ ಬಿಡಬೇಕು ಎನ್ನುತ್ತಾರೆ. ಕರು ಹಾಕುವ ಎರಡು ತಿಂಗಳು ಮುಂಚೆ ಬತ್ತಿಸದಿದ್ದರೆ ಮುಂದಿನ ಸೂಲಿನಲ್ಲಿ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುತ್ತೀರಿ. ಮದುವೆ ಮನೆಯ ಉಳಿದ ಅನ್ನ ಹಾಕಿದರೆ ಹಾಲು ಹೆಚ್ಚುತ್ತದೆ ಎನ್ನುತ್ತಾರೆ. ಒಂದು ಬೊಗಸೆ ಹಾಕಿದಾಗ ಏನೂ ಆಗದೆ ಇರಬಹುದು. ಒಂದು ಬಕೆಟ್ ಹಾಕಿದ ರಾತ್ರಿ ಹೊಟ್ಟೆಯಲ್ಲಿ ಹುಳಿಯೇರಿ, ಬೆಳಗ್ಗೆ ಹಸು ಏಳುವುದಿಲ್ಲ. ಲಗ್ನದ ತಿಂಗಳುಗಳಲ್ಲಿ ನನಗೆ ಬರುವ ತುರ್ತು ಕರೆಗಳಲ್ಲಿ ಇದಕ್ಕೆ ತಪ್ಪದ ಪಾಲು ಇದೆ. ಇನ್ನು ಗಿಣ್ಣು ಹಾಲು. ಆಗಲೇ ಹೇಳಿದೆ, ಮತ್ತೆ ಹೇಳುತ್ತೇನೆ. ಮಾಸಿಗೂ ಗಿಣ್ಣಿಗೂ ಸಂಬಂಧವಿಲ್ಲ. ಕರು ಹುಟ್ಟಿದ ಅರ್ಧದಿಂದ ಒಂದು ಗಂಟೆಯೊಳಗೆ ಕುಡಿಸಿ. ಕರುವಿನ ಹೊಟ್ಟೆ ಗಿಣ್ಣಿನ ರಕ್ಷಣೆಯನ್ನು ಹೀರಿಕೊಳ್ಳುವ ಶಕ್ತಿ ಗಂಟೆಗಂಟೆಗೂ ಕುಂದುತ್ತದೆ, ಒಂದು ದಿನದ ಮೇಲೆ ಇರುವುದೇ ಇಲ್ಲ. ಮೊಲೆ ಚೀಪಿದರೆ ಮಾಸು ಬೀಳುವುದಕ್ಕೂ ಸಹಾಯವೇ.

ಕೊಟ್ಟಿಗೆಯ ಬಗ್ಗೆ ಒಂದೇ ಮಾತು. ಸಾಲದ ಹಣದಲ್ಲಿ ಮೊದಲು ತಾರಸಿ ಕೊಟ್ಟಿಗೆ ಕಟ್ಟುವವರಿದ್ದಾರೆ. ಜಾರದ ನೆಲ, ಗಾಳಿ, ನೆರಳು, ಹೊತ್ತಿಗೆ ನೀರು ಇದ್ದರೆ ಹಸುವಿಗೆ ಸಾಕು. ತಾರಸಿ ನೋಡಿ ಸಂತೋಷಪಡುವವರು ನೆಂಟರು.

ಹಸು ಕೊಳ್ಳಲು ಹೋಗುವಾಗ ದಯವಿಟ್ಟು ಬೆಳಗ್ಗೆ ಹೋಗಿ ಸಂಜೆ ಬರಬೇಡಿ. ಸಾಧ್ಯವಾದರೆ ಮಾರುವವನ ಮನೆಗೇ ಹೋಗಿ, ಆ ಊರಿನಲ್ಲಿ ಉಳಿದು, ಸಂಜೆ, ಬೆಳಗ್ಗೆ, ಮತ್ತೆ ಸಂಜೆ, ಮೂರು ಸಲ ನಿಮ್ಮ ಕಣ್ಣೆದುರು ಕರೆಸಿ ಅಳೆಯಿರಿ. ಮೊದಲ ಸಂಜೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಹಿಂದಿನ ಹೊತ್ತಿನ ಹಾಲೂ ಸೇರಿರಬಹುದು. ಕರೆದ ಮೇಲೆ ಕೆಚ್ಚಲು ಮುಟ್ಟಿ ನೋಡಿ, ಖಾಲಿ ಚೀಲದಂತೆ ಮೆತ್ತಗಾಗಬೇಕು. ನಾಲ್ಕೂ ತೊಟ್ಟನ್ನು ನೀವೇ ಹಿಂಡಿ, ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ಹರಳು ಇದೆಯೇ ನೋಡಿ. ಕಿವಿಯ ಓಲೆಯ 12 ಅಂಕಿಯ ಸಂಖ್ಯೆ ಬರೆದು ತನ್ನಿ, ಹಿಂದಿನ ಗರ್ಭಧಾರಣೆ, ಲಸಿಕೆಗಳ ವಿವರ ಸಿಕ್ಕರೆ ಸಿಗುತ್ತದೆ. ಕಂದು ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ. ಆ ರೋಗ ಹಸುವಿನ ಕಂದು ಹಾಕಿಸುವುದಲ್ಲದೆ ಮನೆಯ ಮಂದಿಗೂ ಅಂಟುತ್ತದೆ. ತಂದ ಮೇಲೆ ಮೂರು ವಾರ ಹಳೆಯ ಹಸುಗಳಿಂದ ದೂರ ಕಟ್ಟಿ. ‘ಇಷ್ಟೆಲ್ಲ ಮಾಡಿದರೆ ಯಾರು ಹಸು ಕೊಡುತ್ತಾರೆ ಸಾರ್’ ಎಂದು ಪ್ರತಿ ಶಿಬಿರದಲ್ಲಿಯೂ ಯಾರಾದರೂ ಕೇಳುತ್ತಾರೆ. ಮೂರು ಸಲ ಕರೆಸಲು ಒಪ್ಪದವನ ಹಸು ನಿಮಗೆ ಬೇಡ.

ನಾನು ಸಲಹೆ ಕೇಳಬೇಡಿ ಎನ್ನುತ್ತಿಲ್ಲ. ಕೇಳಿ, ನಾಲ್ಕು ಕಡೆ ಕೇಳಿ, ಬರೆದುಕೊಳ್ಳಿ. ಆ ಮಾತು ತಪ್ಪಾದರೆ ನಷ್ಟ ಯಾರಿಗೆ ಎಂದು ಯೋಚಿಸಿ. ದಲ್ಲಾಳಿಗೆ ಇಲ್ಲ, ಯಂತ್ರ ಮಾರುವವನಿಗೆ ಇಲ್ಲ, ನನಗೂ ಇಲ್ಲ, ನನ್ನ ಸಂಬಳ ತಿಂಗಳಿಗೆ ಬರುತ್ತದೆ. ಹೇಳಿದವರನ್ನು ಮರ್ಯಾದೆಯಿಂದಲೇ ಕೇಳಿ: ‘ನೀವು ಇದನ್ನು ಮಾಡಿದ್ದೀರಾ? ಎಷ್ಟು ನೀರಿನಲ್ಲಿ? ಬೇಸಿಗೆಯಲ್ಲಿ ಏನು ಮಾಡಿದಿರಿ?’ ಬೇಸಿಗೆಯ ಪ್ರಶ್ನೆಗೆ ಮಾತು ತಡವರಿಸಿದರೆ ಅಲ್ಲಿ ಏನೋ ಬಿಟ್ಟುಹೋಗಿದೆ ಎಂದು ತಿಳಿಯಿರಿ. ನನ್ನನ್ನೂ ಕೇಳಿ. ಮನೆಯಲ್ಲಿ ಹುಲ್ಲು ಹಾಕುವವರನ್ನು, ಸಗಣಿ ಬಾಚುವವರನ್ನು ತಪ್ಪದೆ ಕೇಳಿ. ಇಲ್ಲಿ ಮುಂದಿನ ಸಾಲಿನಲ್ಲಿ ಗಂಡಸರು ಕೂತಿದ್ದೀರಿ, ಹಸುವಿನ ಕೆಲಸ ಮಾಡುವ ಅಕ್ಕಂದಿರು ಹಿಂದಿನ ಸಾಲಿನಲ್ಲಿದ್ದಾರೆ. ಊಟದ ನಂತರ ಅದಲು ಬದಲಾಗಿ ಕೂತರೆ ಒಳ್ಳೆಯದು.

ಆ ಯುವಕನ ಕತೆ ಏನಾಯಿತೆಂದು ಕೆಲವರ ಮುಖ ಕೇಳುತ್ತಿದೆ. ಎರಡು ಹಸುವನ್ನು ಇಟ್ಟುಕೋ ಎಂದೆ. ಹೇಳುವಾಗ ಧ್ವನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಅವನು ಮನೆಗೆ ಹೋಗಿ ತಾಯಿಯನ್ನು ಕೇಳಿ, ಇಟ್ಟುಕೊಂಡ. ಮೂರನೆಯ ಹಸು ಕಟ್ಟಿದ್ದು ಎರಡು ವರ್ಷದ ಮೇಲೆ, ಅದೂ ಕೊಂಡದ್ದಲ್ಲ, ಮನೆಯಲ್ಲಿಯೇ ಬೆಳೆದ ಕರು. ಜೋಳ ಹಾಲುಗಾಳಿನಲ್ಲಿರುವಾಗ ಕೊಯ್ದು ಚೀಲದಲ್ಲಿ ರಸಮೇವು ತುಳಿದಿಡುವುದನ್ನು ಕಲಿತ, ಮೇವು ಕತ್ತರಿಸುವ ಯಂತ್ರ ತಂದ. ತಾಯಿಯ ಸರ ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಈಗ ಆರು ಹಸು ಇವೆ, ಯಾವ ಬೇಸಿಗೆಯಲ್ಲಿಯೂ ಎಲ್ಲ ಒಟ್ಟಿಗೆ ಬತ್ತುವುದಿಲ್ಲ. ನಾನು ಹೋದಾಗ ಏನಾದರೂ ಹೊಸದು ಹೇಳಿದರೆ ಒಳಗಿನಿಂದ ನೋಟ್‌ಬುಕ್ ತರುತ್ತಾನೆ. ಅದೇ ಮೂರು ಕಾಲಂ.

ಸಮಯ ಆಯಿತೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನಿಮಗೆಲ್ಲ ಬೆಳಗ್ಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದೇವೆ. ನಾನು ಇಲ್ಲಿ ಹೇಳಿದ್ದನ್ನೂ ಅದರ ಹಿಂದಿನ ಪುಟದಲ್ಲಿ ಹೇಳಿದವರ ಹೆಸರು ಸಹಿತ ಬರೆದುಕೊಳ್ಳಿ. ಎರಡೂವರೆ ಗಂಟೆಗೆ ಹಿಂದಿನ ಕೊಟ್ಟಿಗೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳುವುದು, ಕೆಚ್ಚಲು ಪರೀಕ್ಷೆ ಮಾಡುವುದು ತೋರಿಸುತ್ತೇವೆ. ಒಗೆದ ಬಟ್ಟೆ ಹಾಕಿಕೊಂಡು ಬಂದಿರುವವರು ಪಂಚೆ ಮೇಲೆ ಕಟ್ಟಿಕೊಂಡು ಬನ್ನಿ, ಅಲ್ಲಿರುವ ಎಡಗಡೆಯ ಹಸು ಒದೆಯುತ್ತದೆ.